ಮೂವತ್ತು ರೂಪಾಯಿಯ ಪುಸ್ತಿಕೆಯಲ್ಲಿ ನನ್ನ 2025

ಡಿಸೆಂಬರ್ ಕೊನೆಯ ವಾರ. ರಜೆಗೆ ಅಂತ ಬೆಂಗಳೂರಿನಿಂದ ಊರಿಗೆ ಬಂದಿದ್ದ ಹುಡುಗಿಯೊಬ್ಬಳು ಅಂಗಡಿಗೆ ಬಂದಳು. ಫೋನಿನಿಂದ ಒಂದು ಪಿಡಿಎಫ್ ಕಳಿಸಿ, "ಅಂಕಲ್, ಇದನ್ನ ಪುಸ್ತಕದ ತರ ಮಡಚೋ ಹಾಗೆ ಪ್ರಿಂಟ್ ಹಾಕಿಕೊಡಿ" ಅಂದಳು. ಶಿರಸಿಯಲ್ಲಿ ನನ್ನದು ಝೆರಾಕ್ಸ್ ಅಂಗಡಿ, ಹದಿನಾರು ವರ್ಷ ಆಯಿತು. ಆದರೂ ಮೊದಲ ಪ್ರತಿ ಕೆಟ್ಟಿತು. ಎರಡೂ ಬದಿ ಪ್ರಿಂಟ್ ಹಾಕುವಾಗ ಹಾಳೆ ಯಾವ ಅಂಚಿಗೆ ಮಗುಚಬೇಕು ಅನ್ನುವುದನ್ನು ಬದಲಿಸಿರಲಿಲ್ಲ. ಮುಂದಿನ ಪುಟ ನೆಟ್ಟಗೆ ಬಂತು, ಹಿಂದಿನದು ತಲೆಕೆಳಗಾಯಿತು. ಎರಡನೇ ಸಲ ಸರಿಯಾಗಿ ಹಾಕಿ, ನಡುವೆ ಪಿನ್ ಹೊಡೆದು ಕೊಟ್ಟೆ.

ಕೆಟ್ಟ ಹಾಳೆಗಳನ್ನು ರಫ್ ಬರೆಯಲು ಅಂತ ನಾಲ್ಕು ತುಂಡು ಮಾಡಿ ಇಟ್ಟುಕೊಳ್ಳುವುದು ನನ್ನ ರೂಢಿ. ಇದನ್ನೂ ಹರಿಯಲು ಕೈ ಹಾಕಿದೆ. ಆಗ ಒಂದು ಸಾಲು ಕಣ್ಣಿಗೆ ಬಿತ್ತು. ಕಳೆದ ವರ್ಷ ನೀವು ಮಾಡಿದ ಎಲ್ಲಕ್ಕಿಂತ ಜಾಣತನದ ತೀರ್ಮಾನ ಯಾವುದು ಅಂತ ಅದು ಕೇಳುತ್ತಿತ್ತು. ನನಗೆ ಉತ್ತರ ಹೊಳೆಯಲಿಲ್ಲ. ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ನಿಂತಲ್ಲೇ ಹತ್ತು ನಿಮಿಷ ಯೋಚಿಸಿದೆ. ಆಗಲೂ ಹೊಳೆಯಲಿಲ್ಲ. ಸಂಜೆ ಆ ಪುಸ್ತಿಕೆಯ ವೆಬ್‌ಸೈಟ್ ಹುಡುಕಿ, ನನಗೂ ಒಂದು ಪ್ರತಿ ತೆಗೆದುಕೊಂಡೆ.

ಇದರ ಹೆಸರು ಇಯರ್‌ಕಂಪಾಸ್, ವರ್ಷವನ್ನು ಹಿಂತಿರುಗಿ ನೋಡಲು ಪ್ರಶ್ನೆಗಳಿರುವ ಪುಸ್ತಿಕೆ. ಹಂಗೇರಿ ದೇಶದ ಕೆಲವು ಗೆಳೆಯರು 2012 ರಲ್ಲಿ ತಮಗೋಸ್ಕರ ಅಂತ ಶುರು ಮಾಡಿದ್ದು. ಈಗ ಹತ್ತಾರು ಭಾಷೆಗಳಲ್ಲಿ ಸಿಗುತ್ತದೆ. ದುಡ್ಡು ಕೊಡಬೇಕಿಲ್ಲ, ಇಳಿಸಿಕೊಂಡು ಪ್ರಿಂಟ್ ಹಾಕಿಸಿದರೆ ಆಯಿತು. ಕಂಪ್ಯೂಟರಿನಲ್ಲೇ ತುಂಬುವ ಪ್ರತಿಯೂ ಇದೆ. ನಾನು ತುಂಬಿದ್ದು ಇಂಗ್ಲಿಷ್ ಪ್ರತಿ, ಬರೆದದ್ದು ಕನ್ನಡದಲ್ಲಿ. ಪ್ರಶ್ನೆಗಳ ಇಂಗ್ಲಿಷ್ ಸರಳವಾಗಿದೆ. ಪಿಯುಸಿ ಓದುವ ಮಗಳನ್ನು ಎರಡು ಕಡೆ ಮಾತ್ರ ಅರ್ಥ ಕೇಳಿದೆ.

ಪುಸ್ತಿಕೆಯಲ್ಲಿ ಎರಡು ಭಾಗ. ಮೊದಲರ್ಧ ಕಳೆದ ವರ್ಷದ್ದು, ಉಳಿದರ್ಧ ಬರುವ ವರ್ಷದ್ದು. ಹಿಂದಿನದನ್ನು ಮುಗಿಸದೆ ಮುಂದಿನದಕ್ಕೆ ಹೋಗುವಂತಿಲ್ಲ. ಈ ಒಂದು ಕ್ರಮಕ್ಕಾಗಿಯೇ ನಾನು ಇದನ್ನು ಬೇರೆಯವರಿಗೆ ಹೇಳುತ್ತಿದ್ದೇನೆ. ನಾವೆಲ್ಲ ಜನವರಿ ಒಂದಕ್ಕೆ ನೇರ ಗುರಿ ಬರೆಯಲು ಕೂರುತ್ತೇವೆ ಅಲ್ವಾ? ನಾನೂ ಹಾಗೇ ಮಾಡುತ್ತಿದ್ದೆ. 2025 ರ ಜನವರಿಯಲ್ಲಿ ಅಂಗಡಿಯ ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ ನಾಲ್ಕು ಸಾಲು ಬರೆದಿದ್ದೆ. ರಾತ್ರಿ ಎಂಟಕ್ಕೆ ಶಟರ್ ಎಳೆಯುವುದು. ಬೆಳಿಗ್ಗೆ ನಡೆಯುವುದು. ಹೊಸ ಮಷಿನ್ನಿನ ಸಾಲಕ್ಕೆ ಕಂತಿನ ಮೇಲೆ ತಿಂಗಳಿಗೆ ಎರಡು ಸಾವಿರ ಜಾಸ್ತಿ ಕಟ್ಟುವುದು. ಮದುವೆ ಪತ್ರಿಕೆ ಡಿಸೈನ್ ಮಾಡಲು ಸರಿಯಾಗಿ ಕಲಿಯುವುದು. ನಾಲ್ಕೂ ಆಗಲಿಲ್ಲ. ನನ್ನ ಮನಸ್ಸೇ ಗಟ್ಟಿ ಇಲ್ಲ ಅಂತ ತೀರ್ಮಾನ ಮಾಡಿಕೊಂಡಿದ್ದೆ. ವರ್ಷ ಪೂರ್ತಿ ದಂಡ ಆಯಿತು ಅಂತಲೂ ಅಂದುಕೊಂಡಿದ್ದೆ.

ಪುಸ್ತಿಕೆ ಮೊದಲು ಹೇಳುವ ಕೆಲಸವೇ ಕ್ಯಾಲೆಂಡರ್ ನೋಡುವುದು. ಕಳೆದ ವರ್ಷದ ಕ್ಯಾಲೆಂಡರನ್ನು ವಾರ ವಾರವೂ ತಿರುವಿ ನೋಡಿ, ಮುಖ್ಯ ಅನ್ನಿಸಿದ್ದನ್ನು ಬರೆದುಕೊಳ್ಳಿ ಅನ್ನುತ್ತದೆ. ಇದನ್ನು ಮಾಡಿದವರು ಮೀಟಿಂಗು, ಅಪಾಯಿಂಟ್‌ಮೆಂಟು ಇರುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ನನಗೆ ಅಂಥ ಕ್ಯಾಲೆಂಡರ್ ಇಲ್ಲ. ನನ್ನ ಹತ್ತಿರ ಇದ್ದದ್ದು ಬೇರೆ ಮೂರು. ಅಡುಗೆಮನೆ ಗೋಡೆಯ ಕ್ಯಾಲೆಂಡರ್, ಅಂಗಡಿಯ ಲೆಕ್ಕದ ಪುಸ್ತಕ, ಫೋನಿನಲ್ಲಿ ಯುಪಿಐ ಹಣ ಹೋದ ಬಂದ ಪಟ್ಟಿ.

ಅಡುಗೆಮನೆ ಕ್ಯಾಲೆಂಡರಿನಲ್ಲಿ ಏನೆಲ್ಲ ಇತ್ತು ಗೊತ್ತಾ? ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ. ಹಾಲು ಬರದ ದಿನಕ್ಕೆ ಒಂದು ಅಡ್ಡಗೆರೆ. ಆಯಿಯ, ಅಂದರೆ ನನ್ನ ಅಮ್ಮನ, ಮಂಡಿ ನೋವಿಗೆ ಡಾಕ್ಟರ್ ಹತ್ತಿರ ಹೋದ ದಿನಕ್ಕೆ ಸಣ್ಣ ಗುಂಡು. ಅಪ್ಪಯ್ಯನ ತಿಥಿ. ಮಗಳ ಪರೀಕ್ಷೆ. ಎಲ್ಲವೂ ನನ್ನ ಹೆಂಡತಿಯ ಅಕ್ಷರ. ಗುಂಡುಗಳನ್ನು ಎಣಿಸಿದೆ, ಹದಿನಾಲ್ಕು ಇದ್ದವು. ನನ್ನ ನೆನಪಿನಲ್ಲಿ ಆಯಿಯನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದದ್ದು ನಾಲ್ಕೈದು ಸಲ. ಉಳಿದ ಸಲ ಕರೆದುಕೊಂಡು ಹೋದವಳು ಅವಳು. ಆ ಲೆಕ್ಕ ಗೋಡೆಯ ಮೇಲೆಯೇ ಇತ್ತು, ನಾನು ದಿನಾ ಅದರ ಎದುರು ಕೂತು ತಿಂಡಿ ತಿನ್ನುತ್ತಿದ್ದೆ.

ಯುಪಿಐ ಪಟ್ಟಿ ಇನ್ನೊಂದು ತರ. ತಿಂಗಳು ತಿಂಗಳು ಹಿಂದೆ ಸರಿಸುತ್ತ ಹೋದರೆ ಮರೆತದ್ದೆಲ್ಲ ಬರುತ್ತದೆ. ಹುಬ್ಬಳ್ಳಿಗೆ ಟೋನರ್ ತರಲು ಹೋದ ದಿನ, ಅಲ್ಲಿ ಊಟ ಮಾಡಿದ್ದು. ಗೆಳೆಯನ ಮಗನ ಮದುವೆಗೆ ಉಡುಗೊರೆ ಕಳಿಸಿದ್ದು. ಏಪ್ರಿಲ್‌ನಲ್ಲಿ ಇಪ್ಪತ್ತೆರಡು ದಿನ ಬೆಳಿಗ್ಗೆ ಆರೂಮುಕ್ಕಾಲಕ್ಕೆ ಹದಿನೈದು ರೂಪಾಯಿ ಒಂದೇ ಚಹಾ ಅಂಗಡಿಗೆ ಹೋಗಿದೆ. ಏನಿದು ಅಂತ ಯೋಚಿಸಿದೆ. ಅದು ನಾನು ನಡೆಯಲು ಹೋಗುತ್ತಿದ್ದ ದಾರಿಯ ಚಹಾ ಅಂಗಡಿ. ಅಂದರೆ ನಾನು ನಡೆದಿದ್ದೇನೆ! ಫೆಬ್ರವರಿಯಿಂದ ಮೇ ಮಧ್ಯದವರೆಗೆ ಹೆಚ್ಚು ಕಡಿಮೆ ದಿನಾ ನಡೆದಿದ್ದೇನೆ. ನಡೆಯಲೇ ಇಲ್ಲ ಅಂತ ನಾನು ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದು ಸುಳ್ಳು.

ಆಮೇಲೆ ಲೆಕ್ಕದ ಪುಸ್ತಕ ತೆಗೆದೆ. ಸಾಲಕ್ಕೆ ಹೆಚ್ಚಿನ ಎರಡು ಸಾವಿರವನ್ನು ನಾಲ್ಕು ತಿಂಗಳು ಕಟ್ಟಿದ್ದೆ. ಡಿಸೈನ್ ಕಲಿಯಲು ಮಾರ್ಚ್, ಏಪ್ರಿಲ್ ಎರಡೂ ತಿಂಗಳು ಕೂತಿದ್ದೆ. ಶಟರ್ ಎಳೆದ ಹೊತ್ತನ್ನು ನಾನು ಬರೆಯುವುದಿಲ್ಲ. ಆದರೆ ದಿನದ ಕೊನೆಯ ಗಿರಾಕಿ ಯುಪಿಐ ಮಾಡಿದ ಹೊತ್ತು ಫೋನಿನಲ್ಲಿ ಇದೆ. ಜನವರಿಯಿಂದ ಮೇ ಮಧ್ಯದವರೆಗೆ ಅದು ಎಂಟರ ಆಸುಪಾಸು. ಮೇ ಕೊನೆಯಿಂದ ಒಂಬತ್ತೂವರೆ, ಹತ್ತು. ನಾಲ್ಕು ಗುರಿಯೂ ಒಂದೇ ಕಡೆ ನಿಂತಿದ್ದವು.

ಝೆರಾಕ್ಸ್ ಅಂಗಡಿ ಇಟ್ಟವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ರಿಸಲ್ಟ್ ಬಂದ ಮೇಲೆ ಕಾಲೇಜು ಸೇರುವ ಹೊತ್ತು. ಅಂಕಪಟ್ಟಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಎಲ್ಲ ಮೂರು ಮೂರು ಪ್ರತಿ. ಅದರ ಹಿಂದೆಯೇ ಹಾಸ್ಟೆಲ್ ಅರ್ಜಿ, ಸ್ಕಾಲರ್‌ಶಿಪ್. ಅಡಿಕೆ ತೋಟದವರ ಬೆಳೆ ವಿಮೆಗೆ ಪಹಣಿ. ಆಗಸ್ಟ್ ಮುಗಿಯುವವರೆಗೂ ಉಸಿರಾಡಲು ಬಿಡುವಿಲ್ಲ. 2025 ರಲ್ಲಿ ಮಳೆ ಬೇರೆ ಬೇಗ ಬಂತು. ಮೇ 24 ಕ್ಕೇ ಮುಂಗಾರು ಕೇರಳ ಮುಟ್ಟಿತ್ತು. ನಮ್ಮ ಕಡೆಯೂ ಹಿಡಿದ ಮಳೆ ಬಿಡಲಿಲ್ಲ. ಬೆಳಿಗ್ಗೆ ನಡೆಯುವುದು ಅಲ್ಲಿಗೆ ನಿಂತಿತು. ಕರೆಂಟ್ ಹೋಗಿ ಬಂದು ಮಷಿನ್ನಿನ ಬೋರ್ಡ್ ಸುಟ್ಟಿತು, ಸಾಲಕ್ಕೆ ಇಟ್ಟ ದುಡ್ಡು ಅದಕ್ಕೆ ಹೋಯಿತು. ರಾತ್ರಿ ಹತ್ತಕ್ಕೆ ಮನೆಗೆ ಹೋದವನು ಕಂಪ್ಯೂಟರ್ ಮುಂದೆ ಕೂತು ಡಿಸೈನ್ ಏನು ಕಲಿಯುತ್ತಾನೆ?

ಜನವರಿಯಲ್ಲಿ ಬರೆದ ಗುರಿ ಮೇ ಕೊನೆಗೆ ನಿಲ್ಲುತ್ತದೆ. ಸೆಪ್ಟೆಂಬರಿನಲ್ಲಿ ಬಿಡುವಾದಾಗ ಎತ್ತಿಕೊಳ್ಳಬಹುದಿತ್ತು. ಆದರೆ ಅಷ್ಟರಲ್ಲಿ ನನ್ನಿಂದಾಗಲಿಲ್ಲ ಅಂತ ನಾನೇ ಮುಚ್ಚಿಬಿಟ್ಟಿದ್ದೆ. ಹದಿನಾರು ವರ್ಷ ಅಂಗಡಿ ಇಟ್ಟೂ ಇದು ನನಗೆ ಕಂಡಿರಲಿಲ್ಲ. ಮೂರು ದಾಖಲೆ ಪಕ್ಕಪಕ್ಕ ಇಟ್ಟುಕೊಂಡು ಎರಡು ಭಾನುವಾರ ಸಂಜೆ ಕೂತಾಗ ಕಂಡಿತು.

ಆ ಜಾಣತನದ ತೀರ್ಮಾನದ ಪ್ರಶ್ನೆಗೂ ಉತ್ತರ ಸಿಕ್ಕಿತು. ಜುಲೈನಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕದ ಮೇಲೆ ಜಿಎಸ್‌ಟಿ ನೋಟಿಸ್ ಬಂದ ಸುದ್ದಿ ನೆನಪಿದೆ ಅಲ್ವಾ? ಎಷ್ಟೋ ಕಡೆ ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದ್ದರು. ನನಗೆ ನೋಟಿಸ್ ಬಂದಿರಲಿಲ್ಲ. ಆದರೂ ಹೆದರಿ ಕ್ಯೂಆರ್ ಕೋಡ್ ತೆಗೆದು ಡ್ರಾಯರಿನಲ್ಲಿ ಇಟ್ಟೆ. ಆರು ರೂಪಾಯಿ ಝೆರಾಕ್ಸಿಗೆ ಐನೂರರ ನೋಟು ಬರುತ್ತಿತ್ತು. ಒಂಬತ್ತನೇ ದಿನ ಎಲ್ಲ ಲೆಕ್ಕ ಹಿಡಿದುಕೊಂಡು ತೆರಿಗೆ ಸಲಹೆಗಾರರ ಹತ್ತಿರ ಹೋದೆ. ಬರೀ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ವಹಿವಾಟು ದಾಟಿದರೆ ನೋಂದಣಿ ಬೇಕು ಅಂತ ಬಿಡಿಸಿ ಹೇಳಿದರು. ನನ್ನದು ಅದರ ಹತ್ತಿರಕ್ಕೂ ಬರುವುದಿಲ್ಲ. ಅದೇ ದಿನ ಕೋಡ್ ಮತ್ತೆ ಗೋಡೆಗೆ ಅಂಟಿಸಿದೆ. ಹೆದರಿಕೆಯಲ್ಲಿ ಕೂರದೆ ಹೋಗಿ ಕೇಳಿದೆನಲ್ಲ, ಅದನ್ನೇ ಆ ಸಾಲಿನಲ್ಲಿ ಬರೆದೆ. ಬರೆದಾಗ ಒಂದು ಸಮಾಧಾನ ಆಯಿತು.

ಮೊದಲರ್ಧದಲ್ಲಿ ಇನ್ನೂ ಬೇಕಾದಷ್ಟು ಇದೆ. ಯಾವುದು ನಿಮಗೆ ಹೆಮ್ಮೆ, ನಿಮ್ಮ ಮೇಲೆ ಪ್ರಭಾವ ಬೀರಿದ ಮೂವರು ಯಾರು, ನೀವು ಯಾರ ಮೇಲೆ ಪ್ರಭಾವ ಬೀರಿದಿರಿ, ಏನು ಮುಗಿಸಲಾಗಲಿಲ್ಲ, ಹೀಗೆ. ಕ್ಷಮಿಸುವುದಕ್ಕೂ ಒಂದು ಜಾಗ ಇಟ್ಟಿದ್ದಾರೆ. ನಾನು ಅಲ್ಲಿ ಒಂದು ಹೆಸರು ಬರೆದೆ. ಮನೆ ಹಿಸ್ಸೆಯ ವಿಷಯ, ಅದರ ಬಗ್ಗೆ ಇಲ್ಲಿ ಹೇಳುವುದಿಲ್ಲ. ಹೆಸರಿನ ಮುಂದೆ ಬೇರೇನೂ ಬರೆಯಲು ಆಗಲಿಲ್ಲ. ಪುಸ್ತಿಕೆ ಒತ್ತಾಯ ಮಾಡುವುದಿಲ್ಲ, ಬಿಟ್ಟು ಮುಂದೆ ಹೋದೆ.

ನಾನು ಬರೆಯುವುದನ್ನು ನೋಡಿ ಹೆಂಡತಿ, "ನನಗೂ ಒಂದು ಹಾಕಿಕೊಂಡು ಬನ್ನಿ" ಅಂದಳು. ಮಾರನೇ ದಿನ ತಂದುಕೊಟ್ಟೆ. ಅವಳು ಮೂರು ದಿನ ಮಧ್ಯಾಹ್ನ ಬರೆದಳು. ವರ್ಷದ ಒಳ್ಳೆಯ ಗಳಿಗೆಗಳನ್ನು ಬರೆಯಿರಿ, ಚಿತ್ರ ಬೇಕಾದರೂ ಬಿಡಿಸಿ ಅಂತ ಒಂದು ಪುಟ ಇದೆ. ನನ್ನದು ಅರ್ಧ ಖಾಲಿ ಇತ್ತು. ಅವಳದ್ದು ತುಂಬಿತ್ತು. ಎಲ್ಲದಕ್ಕಿಂತ ಮೇಲೆ ಬರೆದದ್ದು ಜುಲೈನ ಮೂರು ದಿನ.

"ಯಾವುದಿದು?" ಅಂತ ಕೇಳಿದೆ.

"ಕರೆಂಟ್ ಇರಲಿಲ್ಲ ನೋಡಿ, ಮರ ಬಿದ್ದು. ನೆನಪಿಲ್ವಾ ನಿಮಗೆ?"

ನೆನಪಿತ್ತು. ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ಯುಪಿಎಸ್ ಒಂದು ಗಂಟೆಯೂ ಬರಲಿಲ್ಲ. ಸೀಸನ್ನಿನ ಮೂರು ದಿನ ಅಂಗಡಿ ಬಂದ್. ಮಧ್ಯಾಹ್ನವೇ ಮನೆಗೆ ಹೋಗುತ್ತಿದ್ದೆ. ಸಂಜೆ ಬಚ್ಚಲ ಒಲೆಯ ಕೆಂಡದಲ್ಲಿ ಆಯಿ ಹಲಸಿನ ಹಪ್ಪಳ ಸುಡುತ್ತಿದ್ದಳು. ನಾವು ನಾಲ್ಕೂ ಜನ ಅಲ್ಲೇ ಸುತ್ತ ಕೂತು ತೆಂಗಿನಕಾಯಿ ಚೂರಿನ ಜೊತೆ ತಿನ್ನುತ್ತಿದ್ದೆವು. ಆಯಿ ತಾನು ಸಣ್ಣವಳಿದ್ದಾಗ ಹೊಳೆ ದಾಟಿ ಶಾಲೆಗೆ ಹೋಗುತ್ತಿದ್ದ ಕತೆ ಹೇಳಿದಳು. ಮಗಳು ಅದನ್ನು ಮೊದಲ ಸಲ ಕೇಳಿದ್ದು. ನಾನೂ ಮೊದಲ ಸಲವೇ ಕೇಳಿದ್ದು.

ನನ್ನ ಲೆಕ್ಕದ ಪುಸ್ತಕದಲ್ಲಿ ಆ ಮೂರು ದಿನದ ಮುಂದೆ ಸೊನ್ನೆ ಇದೆ. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ನಷ್ಟ ಅಂತ ಬರೆದಿದ್ದೇನೆ. ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದೆ. ಹೆಂಡತಿ ಮತ್ತೇನೂ ಹೇಳಲಿಲ್ಲ, ಒಳಗೆ ಹೋದಳು. ನಾನು ನನ್ನ ಅರ್ಧ ಖಾಲಿ ಪುಟದಲ್ಲಿ ಹಪ್ಪಳದ ಚಿತ್ರ ಬಿಡಿಸಿದೆ.

ಇಷ್ಟು ಹೇಳಿದ ಮೇಲೆ ಎರಡನೇ ಭಾಗದ ಬಗ್ಗೆಯೂ ಹೇಳಬೇಕು. ಅದು ಮೊದಲನೆಯದರಷ್ಟು ಚೆನ್ನಾಗಿಲ್ಲ. ಬರುವ ವರ್ಷಕ್ಕೆ ಮೂರು ಮೂರರ ಪಟ್ಟಿಗಳು ಜಾಸ್ತಿ. ಹೋಗಬೇಕಾದ ಮೂರು ಜಾಗ, ಬಿಡಬೇಕಾದ ಮೂರು ವಿಷಯ, ಬೇಡ ಅನ್ನಬೇಕಾದ ಮೂರು ವಿಷಯ, ನಿಮಗೆ ನೀವೇ ಕೊಟ್ಟುಕೊಳ್ಳುವ ಮೂರು ಉಡುಗೊರೆ. ನಾಲ್ಕನೇ ಪಟ್ಟಿಗೆ ಬರುವಷ್ಟರಲ್ಲಿ ಸುಮ್ನೆ ಜಾಗ ತುಂಬಲು ಬರೆಯುತ್ತಿದ್ದೇನೆ ಅನ್ನಿಸಿತು. ಕೆಲವನ್ನು ಖಾಲಿ ಬಿಟ್ಟೆ. ದೊಡ್ಡ ಕನಸು ಕಾಣಿ ಅಂತ ಒಂದು ಪುಟ ಇದೆ. ಮಗಳಿಗೆ ಅದು ಬಹಳ ಇಷ್ಟವಾಯಿತು. ನನ್ನ ವಯಸ್ಸಿನವರಿಗೆ, ಕಂತು ಕಟ್ಟುವವರಿಗೆ, ಸಾಲಕ್ಕೆ ಅಂತಲೇ ಒಂದು ಪುಟ ಬೇಕಿತ್ತು. ಅದು ಇಲ್ಲ. ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವುದಕ್ಕೂ ಬೇರೆ ಜಾಗ ಇಲ್ಲ. ಕುಟುಂಬ ಅನ್ನುವ ಒಂದು ಚೌಕದಲ್ಲಿ ಎಲ್ಲವನ್ನೂ ತುರುಕಬೇಕು.

ನನಗೆ ದೊಡ್ಡ ಕೊರತೆ ಅನ್ನಿಸಿದ್ದು ಇನ್ನೊಂದು. ಏನು ಮಾಡುತ್ತೀರಿ ಅಂತ ಕೇಳುತ್ತದೆ, ಯಾವಾಗ ಅಂತ ಕೇಳುವುದಿಲ್ಲ. ಹನ್ನೆರಡು ತಿಂಗಳೂ ಒಂದೇ ತರ ಇರುತ್ತವೆ ಅನ್ನುವ ಹಾಗೆ ಪುಟಗಳಿವೆ. ತೋಟದವರು ಯಾರಾದರೂ ಹಾಗೆ ಯೋಚಿಸುತ್ತಾರಾ? ಮಳೆಗೆ ಮುಂಚೆ ಕೊಳೆ ರೋಗದ ಔಷಧಿ ಹೊಡೆಯುವುದು, ಮಳೆ ಹೋದ ಮೇಲೆ ಅಡಿಕೆ ಕೊನೆ ಕೊಯ್ಯುವುದು. ಮಾಡುವ ಕೆಲಸದ ಜೊತೆಗೇ ಅದರ ಹೊತ್ತೂ ಇರುತ್ತದೆ. ಬ್ಯಾಂಕು, ಶಾಲೆ, ತೋಟ, ಅಂಗಡಿ, ಎಲ್ಲರಿಗೂ ಒಂದು ಸೀಸನ್ ಇದ್ದೇ ಇದೆ.

ಹಾಗಾಗಿ ನಾನೇ ಒಂದು ಹಾಳೆ ಸೇರಿಸಿದೆ. ಎ4 ಹಾಳೆಯನ್ನು ನಾಲ್ಕು ಪಾಲು ಮಾಡಿದೆ. ಜನವರಿಯಿಂದ ಮೇ ಮಧ್ಯದವರೆಗೆ ಒಂದು, ಮೇ ಕೊನೆಯಿಂದ ಆಗಸ್ಟ್ ಒಂದು, ಸೆಪ್ಟೆಂಬರಿನಿಂದ ದೀಪಾವಳಿ ಒಂದು, ದೀಪಾವಳಿಯಿಂದ ಡಿಸೆಂಬರ್ ಒಂದು. ಅದೇ ನಾಲ್ಕು ಗುರಿಗಳನ್ನು ತೆಗೆದುಕೊಂಡೆ, ಹೊಸದು ಬರೆಯಲಿಲ್ಲ. ನಡೆಯುವುದು ಮೊದಲ ಪಾಲಿನಲ್ಲಿ ಮತ್ತು ಕೊನೆಯ ಪಾಲಿನಲ್ಲಿ ಮಾತ್ರ. ಡಿಸೈನ್ ಕಲಿಯುವುದು ಸೆಪ್ಟೆಂಬರ್ ನಂತರ. ಮದುವೆ ಪತ್ರಿಕೆಯ ಗಿರಾಕಿಗಳು ಬರುವುದೂ ದೀಪಾವಳಿ ಕಳೆದ ಮೇಲೆಯೇ. ಸಾಲಕ್ಕೆ ಹೆಚ್ಚಿನ ಹಣ ಸೀಸನ್ನಿನಲ್ಲಿ ಒಂದೇ ಸಲ ಕಟ್ಟುವುದು, ದುಡ್ಡು ಇರುವುದು ಆಗಲೇ ತಾನೇ. ಆಯಿಯ ಡಾಕ್ಟರ್ ಭೇಟಿ ಗುರಿಗಳಲ್ಲಿ ಇರಲಿಲ್ಲ, ಈಗ ಸೇರಿಸಿದೆ. ಸೀಸನ್ ಬಿಟ್ಟು ಉಳಿದ ತಿಂಗಳು ನನ್ನ ಪಾಳಿ.

ಇದನ್ನು ಬರೆಯುತ್ತಿರುವುದು 2026 ರ ಮಾರ್ಚಿನಲ್ಲಿ. ಈ ಸಲದ ಮಾರಿಕಾಂಬೆ ಜಾತ್ರೆ ಈಗಷ್ಟೇ ಮುಗಿದಿದೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ದೇವಿ ಜಾತ್ರೆ ನಡೆಯುವ ಬಿಡಕಿಬೈಲಿನಲ್ಲಿ ಇರುವಷ್ಟೂ ದಿನ ಪೇಟೆಯಲ್ಲಿ ರಾತ್ರಿ ಹಗಲು ಅಂತ ಇರುವುದಿಲ್ಲ. ನಡೆಯುವುದು ನಿಂತಿತ್ತು, ಶಟರ್ ಎಳೆಯುವಾಗ ಮಧ್ಯರಾತ್ರಿ. ಹಿಂದಿನ ಜಾತ್ರೆಯಲ್ಲಿ ಹೀಗಾದಾಗ ಎಲ್ಲ ಕೆಟ್ಟಿತು ಅಂತ ಕೈಬಿಟ್ಟಿದ್ದೆ. ಈ ಸಲ ಹಾಳೆಯ ಮೇಲೆ ಡಿಸೆಂಬರಿನಲ್ಲೇ ಜಾತ್ರೆ ಅಂತ ಬರೆದು ಗೆರೆ ಎಳೆದಿದ್ದೆ. ಮುಗಿದ ಮೂರನೇ ದಿನ ಮತ್ತೆ ಅದೇ ಚಹಾ ಅಂಗಡಿಗೆ ಹದಿನೈದು ರೂಪಾಯಿ ಹೋಯಿತು. ಆಯಿಯ ಗುಂಡುಗಳು ಈವರೆಗೆ ಮೂರು, ಮೂರೂ ಸಲ ನಾನೇ ಹೋಗಿದ್ದು. ಗುಂಡು ಹಾಕುವುದನ್ನೂ ಈಗ ನಾನೇ ಮಾಡುತ್ತೇನೆ.

ಮಾಡಿನೋಡುವವರಿಗೆ ಕೆಲವು ಮಾತು. ಜನವರಿಗೇ ಮಾಡಬೇಕು ಅಂತೇನಿಲ್ಲ. ಯುಗಾದಿ ಹತ್ತಿರ ಬಂತು, ಈ ಸಲ ಮಾರ್ಚ್ 19 ಕ್ಕೆ. ಬೇವು ಬೆಲ್ಲ ತಿಂದ ಮೇಲೆ ಮಧ್ಯಾಹ್ನ ಕೂತರೂ ಆಗುತ್ತದೆ. ವ್ಯಾಪಾರ ಇರುವವರಿಗೆ ಮಾರ್ಚ್ 31 ಅಥವಾ ದೀಪಾವಳಿ ಇನ್ನೂ ಸರಿ, ಲೆಕ್ಕದ ಪುಸ್ತಕ ಹೇಗಿದ್ದರೂ ತೆರೆದಿರುತ್ತದೆ. ಹಳೆ ಕ್ಯಾಲೆಂಡರನ್ನು ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕಲು ಹರಿಯಬೇಡಿ, ಮೊದಲು ಇದು ಮುಗಿಯಲಿ. ಒಂದೇ ಸಲ ಕೂತು ಮುಗಿಸಲು ಹೋಗಬೇಡಿ. ಕ್ಯಾಲೆಂಡರ್ ನೋಡುವುದಕ್ಕೇ ಒಂದು ಸಂಜೆ ಬೇಕು. ಮನೆಯಲ್ಲಿ ಇಬ್ಬರು ಬರೆದರೆ ಒಳ್ಳೆಯದು, ಆದರೆ ಬೇರೆ ಬೇರೆ ಕೂತು ಬರೆಯಿರಿ. ಕೊನೆಯಲ್ಲಿ ಇಷ್ಟವಿದ್ದರೆ ತೋರಿಸಿಕೊಳ್ಳಿ.

ಪ್ರಿಂಟಿಗೆ ಹೋದಾಗ ಬುಕ್‌ಲೆಟ್ ಪ್ರತಿ ಅಂತಲೇ ಕೇಳಿ. ಬ್ಯಾಕ್ ಟು ಬ್ಯಾಕ್, ಹಾಳೆ ಸಣ್ಣ ಅಂಚಿಗೆ ಮಗುಚಬೇಕು. ಮೊದಲು ಒಂದೇ ಹಾಳೆ ಹಾಕಿ ಮಡಚಿ ನೋಡಲು ಹೇಳಿ, ಉಳಿದದ್ದು ಆಮೇಲೆ. 70 ಜಿಎಸ್‌ಎಂನ ತೆಳು ಹಾಳೆಯಲ್ಲಿ ಇಂಕ್ ಪೆನ್ನು ಹಿಂದಕ್ಕೆ ಇಳಿಯುತ್ತದೆ. 80 ರ ಹಾಳೆ ಹಾಕಿಸಿ ಇಲ್ಲವೇ ಬಾಲ್ ಪೆನ್ನಿನಲ್ಲಿ ಬರೆಯಿರಿ. ಕಲರ್ ಬೇಕಿಲ್ಲ. ನನ್ನ ಅಂಗಡಿಯಲ್ಲಿ ಪಿನ್ ಹೊಡೆದು ಮಡಚಿ ಕೊಡಲು 30 ರೂಪಾಯಿ. ಆನ್‌ಲೈನಿನಲ್ಲಿ ಐನೂರು, ಸಾವಿರ ಕೊಟ್ಟು ತರಿಸುವ ದಪ್ಪ ಪ್ಲಾನರುಗಳನ್ನೂ ಜನ ಝೆರಾಕ್ಸಿಗೆ ಅಂತ ತರುತ್ತಾರೆ. ಫೆಬ್ರವರಿ ದಾಟಿ ಬರೆದದ್ದನ್ನು ನಾನು ನೋಡಿದ್ದು ಕಡಿಮೆ. ಈ ಪುಸ್ತಿಕೆಯನ್ನು ದಿನಾ ಬರೆಯಬೇಕಿಲ್ಲ. ಅದೇ ಅನುಕೂಲ.

ಐದಕ್ಕೆ ಎಷ್ಟು ಅಂತ ಕೇಳಿದರೆ ಮೊದಲ ಭಾಗಕ್ಕೆ ಐದೂ ಕೊಡುತ್ತೇನೆ. ಎರಡನೆಯದಕ್ಕೆ ಮೂರು, ಅದೂ ನಿಮ್ಮದೇ ಒಂದು ಹಾಳೆ ಸೇರಿಸಿಕೊಂಡರೆ.

ನನ್ನ ಹಾಳೆ ಅಂಗಡಿಯಲ್ಲಿ ಮಷಿನ್ನಿನ ಪಕ್ಕದ ಗೋಡೆಗೆ ಅಂಟಿಸಿದೆ. ಮೇ ಕೊನೆಯಿಂದ ಆಗಸ್ಟ್‌ವರೆಗಿನ ಪಾಲಿನಲ್ಲಿ ಸಾಲದ ಕಂತು ಬಿಟ್ಟರೆ ಒಂದೇ ಸಾಲು ಇದೆ. ಕರೆಂಟ್ ಹೋದರೆ ಕಾಯುತ್ತ ಕೂರದೆ ಮನೆಗೆ ಹೋಗುವುದು.